ಕುಂಬಳೆ ದಾರಿಯಲ್ಲಿ ಎಂಟು ಪಯಣಗಳು

ಪ್ರವಾಸ ಕಥನವೆಂದೊಡನೆ ವಾಚಕರ ಮನಸ್ಸು ಕಾಶಿ ರಾಮೇಶ್ವರಗಳ ಕಡೆಗೋ ಹಿಮಾಲಯದ ಕಡೆಗೋ ಹರಿಯುವುದು ಸಹಜ. ನಾವು ಬರೆಯಹೊರಟಿರುವ ಪ್ರವಾಸ ಅಷ್ಟು ದೊಡ್ಡದಲ್ಲ. ಬದಿಯಡ್ಕದ ಸಮೀಪದ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಕುಂಬಳೆ, ಕುಂಬಳೆಯಿಂದ ರೈಲಿನಲ್ಲಿ ಮಂಗಳೂರು. ಒಟ್ಟು ಅರುವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಈ ಸೀಮೆಯ ಕನ್ನಡಿಗರು ಮದುವೆಯ ಜವಳಿಗೂ ಮಕ್ಕಳ ಕಾಲೇಜಿಗೂ ಹಾದುಹೋಗುವ ದಾರಿಯಿದು. ೨೦೨೨ರ ಜೂನ್ ತಿಂಗಳಿನಿಂದ ನವೆಂಬರ್ ತನಕ ಈ ದಾರಿಯಲ್ಲಿ ನಾವು ಎಂಟು ಸಲ ಹೋಗಿ ಬಂದೆವು. ಹೋದದ್ದು ಜವಳಿಗಲ್ಲ, ಚಿಕಿತ್ಸೆಗೆ.

ಆ ವರ್ಷದ ಬೇಸಗೆ ರಜೆಯಲ್ಲಿ ನಮ್ಮ ದೊಡ್ಡ ಕರುಳಿನಲ್ಲಿ ಅರ್ಬುದ, ಅಂದರೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಹೊರಬಂದಿತಾದರೂ ಅದರ ಬೀಜಗಳು ಮೈಯಲ್ಲಿ ಎಲ್ಲಿಯಾದರೂ ಉಳಿದಿರಬಹುದೆಂಬ ಮುನ್ನೆಚ್ಚರಿಕೆಯಿಂದ ಮೂರು ವಾರಗಳಿಗೊಮ್ಮೆಯಂತೆ ಎಂಟು ಸುತ್ತು ಕೀಮೋಥೆರಪಿ ಆಗಬೇಕೆಂದು ವೈದ್ಯರು ತಿಳಿಸಿದರು. ಮೊದಲ ದಿನ ರಕ್ತನಾಳದ ಮೂಲಕ ಮದ್ದು. ತರುವಾಯ ಹದಿನಾಲ್ಕು ದಿನ ಎರಡು ಹೊತ್ತು ಮಾತ್ರೆ. ಆ ಮೇಲೆ ಏಳು ದಿನ ಬಿಡುವು. ಇದು ಒಂದು ಸುತ್ತಿನ ಲೆಕ್ಕ.

ಕೀಮೋ ಎಂದರೆ ವಾಂತಿ, ಕೂದಲುದುರುವುದು ಎಂದಷ್ಟೇ ನಾವು ತಿಳಿದಿದ್ದೆವು. ನಮ್ಮ ಪಾಲಿಗೆ ಬಂದ ಮದ್ದಿನಿಂದ ಕೂದಲು ಸ್ವಲ್ಪ ತೆಳುವಾಯಿತೇ ಹೊರತು ಉದುರಿಹೋಗಲಿಲ್ಲ. ವಾಂತಿಗೂ ತಕ್ಕ ಮಾತ್ರೆಗಳಿದ್ದವು. ನಮ್ಮನ್ನು ನಿಜವಾಗಿ ಕಾಡಿದವು ಊರಿನಲ್ಲಿ ಯಾರೂ ಹೆಸರೆತ್ತಿ ಹೇಳದ ಎರಡು ಸಂಗತಿಗಳು. ಒಂದು, ನಿದ್ದೆಯಿಂದಲೂ ಪರಿಹಾರವಾಗದ ಆಯಾಸ. ಇನ್ನೊಂದು, ಬುದ್ಧಿಗೆ ಕವಿದ ಮಂಜು. ಇವೆರಡನ್ನೂ ನಾವು ಕಂಡುಕೊಂಡದ್ದು, ಇವುಗಳೊಡನೆ ಬಾಳಲು ಕಲಿತದ್ದು ಕುಂಬಳೆಯ ದಾರಿಯಲ್ಲಿಯೇ ಆದುದರಿಂದ ಆ ದಾರಿಯನ್ನೇ ಹಿಡಿದು ಹೇಳುತ್ತೇವೆ.

ಮೊದಲನೆಯ ಪಯಣ ಜೂನ್ ತಿಂಗಳ ನಡುವಿನಲ್ಲಿ. ಮಳೆಗಾಲ ಆಗಷ್ಟೇ ಕಾಲೂರಿತ್ತು. ಬಸ್ಸು ಬದಿಯಡ್ಕದಿಂದ ಹೊರಟು ನೀರ್ಚಾಲು, ಬೇಳ, ಸೀತಾಂಗೋಳಿ, ನಾಯ್ಕಾಪುಗಳನ್ನು ಹಾದು ಕುಂಬಳೆಗೆ ಇಳಿಯುತ್ತದೆ. ಬದಿಯಡ್ಕದ ಬಳಿಯ ಪೆರಡಾಲ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರು. ಕವಿಯೂ ಹೋರಾಟಗಾರರೂ ಆಗಿದ್ದ ಅವರು ವೃತ್ತಿಯಿಂದ ನಮ್ಮಂತೆಯೇ ಅಧ್ಯಾಪಕರು. ೧೯೧೫ರಲ್ಲಿ ಹುಟ್ಟಿ ೨೦೧೫ರಲ್ಲಿ, ನೂರು ವರ್ಷ ತುಂಬಿದ ಬಳಿಕ ತೀರಿಕೊಂಡರು. ಸೀತಾಂಗೋಳಿಯಿಂದ ಒಂದು ದಾರಿ ಮಾಯಿಪ್ಪಾಡಿಗೆ ಕವಲೊಡೆಯುತ್ತದೆ. ನಾವು ಅಧ್ಯಾಪಕ ತರಬೇತಿ ಪಡೆದದ್ದು ಅಲ್ಲಿ. ನಾಯ್ಕಾಪಿನ ಸಮೀಪದಲ್ಲಿ ಅನಂತಪುರದ ಸರೋವರ ದೇವಾಲಯ. ಕುಂಬಳೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂದು ನಮ್ಮವರೆಲ್ಲರೂ ಅಭಿಮಾನಪಡುವ ತಾಣ.

ಕುಂಬಳೆಯಿಂದ ರೈಲು ಹಿಡಿದರೆ ಎಡಗಡೆ ತೆಂಗಿನ ತೋಪುಗಳ ಸಂದಿನಲ್ಲಿ ಕಡಲು, ಬಲಗಡೆ ಮುರಕಲ್ಲಿನ ಗುಡ್ಡಗಳು. ಶಿರಿಯ ಹೊಳೆ, ಉಪ್ಪಳ ಹೊಳೆ, ಮಂಜೇಶ್ವರದ ಹೊಳೆ, ಕಡೆಗೆ ನೇತ್ರಾವತಿ. ನಿಲ್ದಾಣಗಳ ಹೆಸರು ಉಪ್ಪಳ, ಮಂಜೇಶ್ವರ, ಉಳ್ಳಾಲ, ಆಮೇಲೆ ಮಂಗಳೂರು. ಬಾಲ್ಯದಿಂದಲೂ ಈ ಹೆಸರುಗಳನ್ನು ಮಗ್ಗಿಯಂತೆ ಹೇಳುವುದು ನಮಗೆ ರೂಢಿ. ಮೊದಲ ಪಯಣದ ದಿನ ಭಯವನ್ನು ಮರೆಯುವ ಸಲುವಾಗಿ ನೀರ್ಚಾಲಿನಿಂದ ಮೊದಲ್ಗೊಂಡು ಉಳ್ಳಾಲದವರೆಗೆ ಮನಸ್ಸಿನಲ್ಲಿಯೇ ಹೇಳಿಕೊಂಡೆವು. ಒಂದೂ ತಪ್ಪಲಿಲ್ಲ. ವಾಚಕರು ಇದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಂಜೇಶ್ವರ ದಾಟಿದ ಮೇಲೆ ತಲಪಾಡಿ, ಎರಡು ರಾಜ್ಯಗಳ ಗಡಿ. ೧೯೫೬ರ ನವೆಂಬರ್ ೧ರಿಂದ ನಾವು ಕೇರಳದವರಾದೆವು. ಆದರೆ ರೋಗ ಬಂದಾಗ ನಮ್ಮ ಕಾಲು ಹಿಂದಿನಂತೆಯೇ ಮಂಗಳೂರಿನ ಕಡೆಗೆ ನಡೆಯುತ್ತದೆ. ೨೦೨೦ರ ಮಾರ್ಚ್‌ನಲ್ಲಿ ಕೊರೋನಾ ಭೀತಿಯಿಂದ ಈ ಗಡಿಯ ರಸ್ತೆಗಳಿಗೆ ಅಡ್ಡಲಾಗಿ ಮಣ್ಣು ಸುರಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾರದೆ ಪಟ್ಟ ಪಾಡು ನ್ಯಾಯಾಲಯಗಳ ಮೆಟ್ಟಿಲೇರಿತ್ತು. ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಟ್ಟರು. ಎರಡು ವರ್ಷಗಳ ಬಳಿಕ ರೈಲಿನಲ್ಲಿ ಕುಳಿತು ತಡೆಯಿಲ್ಲದೆ ಗಡಿ ದಾಟುತ್ತಿದ್ದ ನಮಗೆ, ನಾವು ಹೊರಟ ಕಾಲವಾದರೂ ಒಳ್ಳೆಯದೆಂಬ ಸಮಾಧಾನವಾಯಿತು.

ಆಸ್ಪತ್ರೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು. ಒಂದೊಂದು ಕುರ್ಚಿಯ ಪಕ್ಕದಲ್ಲಿ ಒಂದೊಂದು ಮದ್ದಿನ ಚೀಲ. ಹನಿ ಹನಿಯಾಗಿ ಮದ್ದು ಇಳಿಯಲು ಎರಡು ಗಂಟೆಗಳಿಗೂ ಹೆಚ್ಚು ಹೊತ್ತು. ನಮಗೆ ಕೊಟ್ಟ ಮದ್ದಿಗೆ ಒಂದು ವಿಚಿತ್ರ ಗುಣವಿತ್ತು. ಅದು ಮೈಯೊಳಗೆ ಇಳಿದ ಮೇಲೆ ಕೆಲವು ದಿನ ತಣ್ಣಗಿನದನ್ನು ಮುಟ್ಟಿದರೆ ಬೆರಳುಗಳಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ತಣ್ಣೀರು ಕುಡಿದರೆ ಗಂಟಲು ಬಿಗಿಯುತ್ತದೆ. ಜಡಿಮಳೆಯಲ್ಲಿ ನೆನೆದ ಬಸ್ಸಿನ ಕಬ್ಬಿಣದ ಸರಳನ್ನು ಹಿಡಿದಾಗ ನಮಗೆ ಇದರ ಅನುಭವವಾಯಿತು. ಮುಂದಿನ ಸಲದಿಂದ ಮನೆಯಾಕೆ ಒಂದು ಜೊತೆ ಕೈಚೀಲವನ್ನೂ ಬಿಸಿನೀರಿನ ಫ್ಲಾಸ್ಕನ್ನೂ ತಪ್ಪದೆ ತರುತ್ತಿದ್ದಳು. ಈ ಬಾಧೆಯನ್ನು ಹೇಗೋ ಸಹಿಸಬಹುದಾಗಿತ್ತು. ಅದಕ್ಕೆ ಹೆಸರಿತ್ತು, ಕಾರಣವಿತ್ತು, ನೋಡಿದವರಿಗೆ ತಿಳಿಯುತ್ತಿತ್ತು.

ಆಯಾಸದ ಕಥೆ ಹಾಗಲ್ಲ. ಎರಡನೆಯ ಸುತ್ತು ಕಳೆದ ಮೂರನೆಯ ದಿನ ಬೆಳಗ್ಗೆ ಎದ್ದು ಜಗಲಿಗೆ ಬಂದು ಕುಳಿತೆವು. ಹಲ್ಲುಜ್ಜಲು ಅಂಗಳದ ಮೂಲೆಗೆ ಹೋಗಬೇಕು, ಹದಿನೈದು ಹೆಜ್ಜೆ. ಏಳಲು ಮನಸ್ಸು ಮಾಡಿದೆವು, ಮೈ ಏಳಲಿಲ್ಲ. ನೋವಿಲ್ಲ, ಜ್ವರವಿಲ್ಲ, ರಾತ್ರಿ ಒಂಬತ್ತು ಗಂಟೆ ನಿದ್ದೆಯಾಗಿದೆ. ಆದರೂ ಯಾರೋ ಕೈಕಾಲುಗಳಲ್ಲಿ ಒದ್ದೆ ಮರಳು ತುಂಬಿಟ್ಟಂತೆ. ತೋಟದಲ್ಲಿ ಇಡೀ ದಿನ ದುಡಿದು ಬಂದಾಗಲೂ ದಣಿವಾಗುತ್ತದೆ, ನಿಜ. ಆ ದಣಿವಿಗೆ ಒಂದು ಸುಖವಿದೆ, ಉಂಡು ಮಲಗಿದರೆ ಅದು ಹೊರಟುಹೋಗುತ್ತದೆ. ಇದು ಮಲಗಿದರೂ ಹೋಗದು. ಕೆಲಸಕ್ಕೂ ದಣಿವಿಗೂ ಇರಬೇಕಾದ ಲೆಕ್ಕವೇ ಇಲ್ಲಿ ತಪ್ಪಿಹೋಗಿರುತ್ತದೆ.

ಬಂದವರೆಲ್ಲ ಪ್ರೀತಿಯಿಂದಲೇ ಮಾತಾಡಿದರು. ಕೆಲವರು, "ಧೈರ್ಯ ತಂದುಕೊಳ್ಳಿ, ಎದ್ದು ಓಡಾಡಿದರೆ ಸರಿಹೋಗುತ್ತದೆ" ಎಂದರು. ಕೆಲವರು, "ಏಳಲೇಬೇಡಿ, ಮಲಗಿಯೇ ಇರಿ" ಎಂದರು. ಮೊದಲನೆಯವರ ಮಾತು ಕೇಳಿ ನಮ್ಮನ್ನು ನಾವೇ ಸೋಮಾರಿಯೆಂದು ಹಳಿದುಕೊಂಡೆವು. ಎರಡನೆಯವರ ಮಾತು ಕೇಳಿ ಒಂದು ವಾರ ಮಲಗಿದೆವು. ಆಯಾಸ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೂವತ್ತು ವರ್ಷ ಬೆಳಗ್ಗೆ ಒಂಬತ್ತೂವರೆಗೆ ಮೊದಲೇ ಶಾಲೆಯ ಬಾಗಿಲು ತೆರೆದವರಿಗೆ ಮನೆಯ ಹೊಸ್ತಿಲು ದಾಟಲಾಗದಿದ್ದರೆ ಎಷ್ಟು ನಾಚಿಕೆಯಾಗುತ್ತದೆಂಬುದು ಅನುಭವಿಸಿದವರಿಗೆ ಮಾತ್ರ ಗೊತ್ತು. ವೈದ್ಯರಿಗೂ ನಾವು ಇದನ್ನು ಹೇಳಲಿಲ್ಲ. ಇದೊಂದು ರೋಗವೆಂದು ಹೇಗೆ ಹೇಳುವುದು ಎಂಬ ಸಂಕೋಚ.

ಮೂರನೆಯ ಪಯಣದಲ್ಲಿ ನಮ್ಮ ಪರವಾಗಿ ಮನೆಯಾಕೆಯೇ ಹೇಳಿಬಿಟ್ಟಳು. ವೈದ್ಯೆ ಲೇಖನಿ ಕೆಳಗಿಟ್ಟು ಕೇಳಿದರು. ಅವರ ವಿವರಣೆಯ ಸಾರ ಇಷ್ಟು: ಚಿಕಿತ್ಸೆ ಪಡೆಯುವವರಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ತೊಂದರೆಯೇ ಈ ಆಯಾಸ. ಇದು ಸೋಮಾರಿತನವೂ ಅಲ್ಲ, ಅಧೈರ್ಯವೂ ಅಲ್ಲ. ಮದ್ದು ಎಲುಬಿನ ಮಜ್ಜೆಯನ್ನು ತಾಗಿ ಕೆಂಪುರಕ್ತ ಕಡಿಮೆಯಾಗುವುದು, ಮೈಯೊಳಗೆ ಉರಿಯೂತದ ರಾಸಾಯನಿಕಗಳು ಏಳುವುದು, ಊಟ ಕುಗ್ಗುವುದು, ರಾತ್ರಿ ನಿದ್ದೆ ತುಂಡಾಗುವುದು, ಮನಸ್ಸಿನ ಚಿಂತೆ, ಹೀಗೆ ಹಲವು ಕಾರಣಗಳು ಸೇರಿ ಇದಾಗುತ್ತದೆ. ಇವುಗಳಲ್ಲಿ ಕೆಲವಕ್ಕೆ ನೇರವಾದ ಪರಿಹಾರವಿದೆ. ಆದುದರಿಂದ ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದ ಲವಣಾಂಶ ಇವುಗಳನ್ನು ಪರೀಕ್ಷಿಸಬೇಕು. ಹೇಳದಿದ್ದರೆ ಪರೀಕ್ಷಿಸುವುದು ಹೇಗೆ? ಮದ್ದು ಪಡೆದ ಮೊದಲ ವಾರ ಅತಿ ಹೆಚ್ಚು ಆಯಾಸ, ಮುಂದಿನ ಸುತ್ತಿನ ಹೊತ್ತಿಗೆ ಸ್ವಲ್ಪ ಚೇತರಿಕೆ. ಸುತ್ತುಗಳು ಏರಿದಂತೆ ಆಯಾಸವೂ ಏರುತ್ತದೆ. "ನಿಮ್ಮ ಶಕ್ತಿಯನ್ನು ಅಳೆದು ಖರ್ಚು ಮಾಡಿ, ಆದರೆ ದಿನವೂ ಸ್ವಲ್ಪ ನಡೆಯಿರಿ" ಎಂದು ಅವರು ಹೇಳಿ ಮುಗಿಸಿದರು.

ಅಳೆದು ಖರ್ಚು ಮಾಡಿ ಎಂಬ ಮಾತು ರೈಲಿನುದ್ದಕ್ಕೂ ಕಿವಿಯಲ್ಲಿತ್ತು. ಮರುದಿನ ನಮ್ಮ ಸುರಂಗದ ಬಾಯಿಯಲ್ಲಿ ಕುಳಿತಾಗ ಅದರ ಅರ್ಥ ಹೊಳೆಯಿತು.

ನಮ್ಮ ಸೀಮೆಗೆ ಹೊಸಬರಾದ ವಾಚಕರಿಗಾಗಿ ಒಂದೆರಡು ಮಾತು. ಕಾಸರಗೋಡಿನ ಈ ಮುರಕಲ್ಲಿನ ಗುಡ್ಡಗಳಲ್ಲಿ ಬಾವಿಯನ್ನು ಕೆಳಕ್ಕೆ ತೋಡುವಂತೆಯೇ ಅಡ್ಡಕ್ಕೂ ಕೊರೆಯುತ್ತಾರೆ. ಅದೇ ಸುರಂಗ. ಒಬ್ಬಾಳು ನಡೆದುಹೋಗುವಷ್ಟು ಅಗಲ, ಆಳೆತ್ತರ. ಕೊರೆಯುವವನು ಮೇಣದ ಬತ್ತಿ ಹಿಡಿದು ಒಳಹೋಗುತ್ತಾನೆ. ಉರಿ ಸಣ್ಣಗಾದರೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹೊರಬರುತ್ತಾನೆ. ನೀರಿನ ಒರತೆ ಸಿಕ್ಕಿದರೆ ಅದು ತನ್ನಷ್ಟಕ್ಕೆ ಹೊರಗೆ ಹರಿದುಬರುತ್ತದೆ. ಹಗ್ಗ ಬೇಡ, ರಾಟೆ ಬೇಡ, ಪಂಪು ಬೇಡ. ಅಡಿಕೆಯ ದಂಬೆಯಲ್ಲಿಯೋ ಕೊಳವೆಯಲ್ಲಿಯೋ ಅದನ್ನು ಹಾಯಿಸಿ ತೊಟ್ಟಿಯಲ್ಲಿ ತುಂಬಿಸಿಟ್ಟುಕೊಳ್ಳುತ್ತೇವೆ. ಒಂದೇ ಕಟ್ಟು: ಅವಸರವಾದೀತೆಂದು ಸುರಂಗದಿಂದ ಹೆಚ್ಚು ನೀರು ಎಳೆಯಲಾಗದು. ಮಾರ್ಚ್ ಏಪ್ರಿಲ್‌ನಲ್ಲಿ ಬೆರಳು ಗಾತ್ರದ ಧಾರೆ. ರಾತ್ರಿಯಿಡೀ ತುಂಬಿದ ತೊಟ್ಟಿಯಲ್ಲಿ ಮೊದಲು ಕುಡಿಯುವ ನೀರು, ಆ ಮೇಲೆ ದನಕರುಗಳಿಗೆ, ಉಳಿದದ್ದು ಎಳೆಯ ಅಡಿಕೆ ಸಸಿಗಳಿಗೆ. ಹಳೆಯ ಮರಗಳು ಕಾಯಬೇಕು. ತೊಟ್ಟಿ ಬರಿದಾಯಿತೆಂದು ಸುರಂಗವನ್ನು ಬೈದ ಗೃಹಸ್ಥನನ್ನು ನಾವು ಕಂಡಿಲ್ಲ.

ಚಿಕಿತ್ಸೆಯ ಕಾಲದ ಶಕ್ತಿಯೂ ಬೇಸಗೆಯ ಸುರಂಗದ ನೀರಿನಂತೆ. ಅದು ತನ್ನ ಅಳತೆಯಲ್ಲಿ ಬರುತ್ತದೆ, ಛಲದಿಂದ ಸೇದಿದರೆ ಬಾರದು. ಆ ದಿನದಿಂದ ನಾವು ಶಾಲೆಯ ವೇಳಾಪಟ್ಟಿಯಂತೆ ಒಂದು ಪಟ್ಟಿ ಮಾಡಿದೆವು. ಒಂದು ವಾರ ಯಾವ ಹೊತ್ತಿನಲ್ಲಿ ಮೈ ಹಗುರವಿರುತ್ತದೆಂದು ಗುರುತಿಸಿದೆವು. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಎಂದು ತಿಳಿಯಿತು. ಸ್ನಾನ, ನಡಿಗೆ, ಒಂದು ಮುಖ್ಯ ಕೆಲಸ, ಇಷ್ಟನ್ನು ಆ ಹೊತ್ತಿಗೆ ಇಟ್ಟುಕೊಂಡೆವು. ಕುಳಿತು ಸ್ನಾನ ಮಾಡಲು ಬಚ್ಚಲಿಗೆ ಒಂದು ಮಣೆ ಬಂತು. ನಡುಹಗಲಿನ ನಿದ್ದೆ ಅರ್ಧ ಗಂಟೆಗೆ ಮೀರದಂತೆ ಮನೆಯಾಕೆ ಎಬ್ಬಿಸುತ್ತಿದ್ದಳು. ಹೆಚ್ಚು ಮಲಗಿದರೆ ರಾತ್ರಿಯ ನಿದ್ದೆ ಕೆಡುತ್ತದೆ. ಹಾಲು ಕರೆಯುವುದು, ಪೇಟೆಗೆ ಹೋಗುವುದು, ಅಡಿಕೆಗೆ ಮದ್ದು ಸಿಂಪಡಿಸುವವರ ಲೆಕ್ಕ, ಇವೆಲ್ಲವನ್ನೂ ಬೇರೆಯವರಿಗೆ ಒಪ್ಪಿಸಿದೆವು. ಕೊಟ್ಟ ಸಹಾಯವನ್ನು ನಾಚದೆ ಪಡೆಯುವುದನ್ನು ಐವತ್ತು ದಾಟಿದ ಮೇಲೆ ಕಲಿತೆವು.

ನಡಿಗೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಆಯಾಸವಾದವನಿಗೆ ನಡೆಯಿರೆಂದು ಹೇಳುವುದು ಕೇಳಲು ಕ್ರೂರವೆನಿಸುತ್ತದೆ. ಆದರೆ ಈ ಆಯಾಸಕ್ಕೆ ಅನೇಕ ದೇಶಗಳಲ್ಲಿ ಪರೀಕ್ಷಿಸಿ ನೋಡಿ ನಿಜವೆಂದು ಕಂಡ ಮದ್ದುಗಳಲ್ಲಿ ಹಗುರವಾದ ವ್ಯಾಯಾಮವೇ ಮೊದಲನೆಯದು. ಮಲಗಿದಷ್ಟೂ ಸ್ನಾಯುಗಳು ಕರಗುತ್ತವೆ, ಕರಗಿದಷ್ಟೂ ಸಣ್ಣ ಕೆಲಸಕ್ಕೂ ದಣಿವು. ಆಟಿಯ ಮಳೆಯಲ್ಲಿ ಹೊರಗೆ ಕಾಲಿಡುವಂತಿರಲಿಲ್ಲ. ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಹದಿನೆಂಟು ಹೆಜ್ಜೆ. ಮೊದಲ ದಿನ ನಾಲ್ಕು ಸಲ, ಮರುದಿನ ಐದು ಸಲ. ಮದ್ದು ಪಡೆದ ವಾರದಲ್ಲಿ ಕೆಲವು ದಿನ ಎರಡೇ ಸಲ. ಒಂದು ದಿನ ಕಡಿಮೆಯಾದರೆ ಸೋತೆವೆಂದು ತಿಳಿಯುತ್ತಿರಲಿಲ್ಲ. ಮಳೆ ಹೊಳವಾದಾಗ ತೋಟದ ಅಂಚಿನವರೆಗೆ. ಸೆಪ್ಟೆಂಬರ್‌ನಲ್ಲಿ ಸುರಂಗದ ತೊಟ್ಟಿಯವರೆಗೆ ಹೋಗಿ ಬರುವಂತಾಯಿತು. ಆಯಾಸ ಮಾಯವಾಗಲಿಲ್ಲ, ಆದರೆ ಅದು ನಮ್ಮ ಯಜಮಾನನಾಗಿದ್ದುದು ಜೊತೆಗಾರನಾಯಿತು.

ಇನ್ನು ಮಂಜಿನ ಮಾತು. ನಾಲ್ಕನೆಯ ಪಯಣ ಆಗಸ್ಟ್ ತಿಂಗಳಿನಲ್ಲಿ. ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣಕ್ಕಾಗಿ ಗುಡ್ಡಗಳನ್ನು ಕಡಿಯುತ್ತಿದ್ದ ಕಾಲವದು; ಕುಂಬಳೆಯ ಗುರುತುಗಳೆಲ್ಲ ಅದಲು ಬದಲಾಗಿದ್ದವು. ರೈಲಿನಲ್ಲಿ ಕುಳಿತು ಎಂದಿನಂತೆ ಹೆಸರುಗಳನ್ನು ಹೇಳಿಕೊಳ್ಳತೊಡಗಿದೆವು. ನೀರ್ಚಾಲು, ಆ ಮೇಲೆ? ಸೀತಾಂಗೋಳಿ. ನಡುವೆ ಏನೋ ಇದೆ. ಏನದು? ಉಪ್ಪಳ ಬಂತು, ಮಂಜೇಶ್ವರ ಬಂತು, ಆ ಹೆಸರು ಬರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾದುಹೋದ ಬೇಳವೆಂಬ ಎರಡಕ್ಷರದ ಊರು ನಮ್ಮ ತಲೆಯಿಂದ ಅಳಿಸಿಹೋಗಿತ್ತು. ಮನೆಯಾಕೆಯನ್ನು ಕೇಳಲು ಬಾಯಿ ಬರಲಿಲ್ಲ. ಬೆವರು ಹರಿಯಿತು.

ಆಸ್ಪತ್ರೆಯಲ್ಲಿ ದಾದಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ನಾವು ಮಲಯಾಳದಲ್ಲಿ ಉತ್ತರಿಸಿದೆವು. ಗಡಿಯವರಾದ ನಮಗೆ ಭಾಷೆಗಳ ಬಡತನವಿಲ್ಲ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಲಾಖೆಯ ಕಾಗದಗಳಲ್ಲಿ ಮಲಯಾಳ. ಒಂದೊಂದಕ್ಕೂ ತಲೆಯಲ್ಲಿ ಒಂದೊಂದು ಖಾನೆಯಿದೆ. ಆ ಖಾನೆಗಳನ್ನು ಯಾರೋ ನೆಲಕ್ಕೆ ಸುರಿದು ಬೆರೆಸಿದಂತಾಗಿತ್ತು. ರೈಲು ಮಂಜೇಶ್ವರದಲ್ಲಿ ನಿಂತಾಗಲೆಲ್ಲ, ಹಲವು ಭಾಷೆಗಳನ್ನು ಬಲ್ಲ ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮಣ್ಣಿದು ಎಂದು ಮಕ್ಕಳಿಗೆ ಹೇಳುವ ಅಭ್ಯಾಸ ನಮ್ಮದು. ಆ ದಿನ ಮರಳುವಾಗ ನಿಲ್ದಾಣದ ಫಲಕದ ಕಡೆ ನೋಡಲೂ ಸಂಕಟವಾಯಿತು. ಓದಿದ ಪುಟವನ್ನು ಮತ್ತೆ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಮಾತ್ರೆ ನುಂಗಿದೆವೋ ಇಲ್ಲವೋ ಎಂಬುದೇ ಸಂದೇಹ. ಅಧ್ಯಾಪಕನಿಗೆ ಕೈಕಾಲು ಹೋದರೂ ಕುಳಿತು ಪಾಠ ಹೇಳಿಯಾನು. ಬುದ್ಧಿಯೇ ಹೋದರೆ?

ಈ ಸಲ ನಾವೇ ಬಾಯಿಬಿಟ್ಟು ವೈದ್ಯೆಗೆ ಹೇಳಿದೆವು. ಇದಕ್ಕೂ ಅವರಲ್ಲಿ ಉತ್ತರವಿತ್ತು. ರೋಗಿಗಳು ಬಹು ಕಾಲದಿಂದ ಈ ಮಂಜಿನ ವಿಷಯ ಹೇಳುತ್ತಿದ್ದರೂ ವೈದ್ಯಲೋಕ ಅದನ್ನು ಬರಿಯ ಚಿಂತೆಯೆಂದು ತಳ್ಳಿಹಾಕುತ್ತಿತ್ತು. ಈಗ ಅದು ನಿಜವೆಂದು ಒಪ್ಪಿದೆ. ಹೆಸರುಗಳು, ಪದಗಳು ಹೊಳೆಯದಿರುವುದು, ಎರಡು ಕೆಲಸ ಒಟ್ಟಿಗೆ ಮಾಡಲಾಗದಿರುವುದು, ಗಮನ ನಿಲ್ಲದಿರುವುದು ಇದರ ಲಕ್ಷಣಗಳು. ಇದು ಮರುಳಲ್ಲ, ಮುಪ್ಪಿನ ಮರೆಗುಳಿತನವೂ ಅಲ್ಲ. ಹೆಚ್ಚಿನವರಲ್ಲಿ ಚಿಕಿತ್ಸೆ ಮುಗಿದ ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ತಿಳಿಯಾಗುತ್ತದೆ, ಕೆಲವರಲ್ಲಿ ಹೆಚ್ಚು ಕಾಲ ಉಳಿಯುವುದೂ ಉಂಟು. ಆದರೆ ಒಮ್ಮಿಂದೊಮ್ಮೆಲೆ ಗೊಂದಲವಾದರೆ, ಮಾತು ತೊದಲಿದರೆ ತಡಮಾಡದೆ ಬರಬೇಕು. ಅಂತೆಯೇ ಜ್ವರ ೧೦೦.೪ ಡಿಗ್ರಿ ಮುಟ್ಟಿದರೆ ಹೊತ್ತು ನೋಡದೆ ಹೊರಡಬೇಕು, ಏಕೆಂದರೆ ಮದ್ದಿನಿಂದ ಬಿಳಿರಕ್ತಕಣಗಳು ಕುಗ್ಗಿರುವಾಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ.

ಮಂಜಿಗೆ ನಾವು ಕಂಡುಕೊಂಡ ಉಪಾಯಗಳು ದೊಡ್ಡವೇನಲ್ಲ. ಒಂದು ಸಣ್ಣ ಕಾಪಿ ಪುಸ್ತಕ ಯಾವಾಗಲೂ ಅಂಗಿಯ ಜೇಬಿನಲ್ಲಿ. ಮಾತ್ರೆ ನುಂಗಿದ ಕ್ಷಣವೇ ಅದರಲ್ಲಿ ಗುರುತು. ಗುರುತಿಲ್ಲದಿದ್ದರೆ, ನುಂಗಿರಬಹುದೆಂಬ ಸಂದೇಹವಿದ್ದರೆ ಎರಡನೆಯ ಸಲ ನುಂಗುವಂತಿಲ್ಲ, ಆಸ್ಪತ್ರೆಗೆ ಫೋನು ಮಾಡಿ ಕೇಳಬೇಕೆಂದು ಮನೆಯಾಕೆ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಟ್ಟಿದ್ದಳು. ಕನ್ನಡಕ, ಬೀಗದ ಕೈ, ಹಣದ ಚೀಲ ಮೂರಕ್ಕೂ ಒಂದೇ ಗೂಡು. ವೈದ್ಯರನ್ನು ಕೇಳಬೇಕಾದದ್ದನ್ನು ಮೊದಲೇ ಬರೆದುಕೊಂಡು ಹೋಗುವುದು. ಅವರು ಹೇಳಿದ್ದನ್ನು ಜೊತೆಗಿರುವವರು ಬರೆದುಕೊಳ್ಳುವುದು. ಒಂದು ಹೊತ್ತಿಗೆ ಒಂದೇ ಕೆಲಸ, ಮಾತನಾಡುವಾಗ ರೇಡಿಯೋ ಬಂದ್. ಹಣದ ವಿಚಾರವನ್ನೂ ಸಹಿ ಹಾಕುವ ಕಾಗದಗಳನ್ನೂ ಮದ್ದಿನ ಮೊದಲ ವಾರದಲ್ಲಿ ಮುಟ್ಟುವುದಿಲ್ಲವೆಂಬ ನಿಯಮ. ಹೆಸರು ಮರೆತಾಗ ಬೆವರುವ ಬದಲು, "ಹೆಸರು ಮರೆತೆ, ಚಿಕಿತ್ಸೆಯ ಮರೆವು" ಎಂದು ಹೇಳಿಬಿಡುವುದು. ಹೇಳಿಬಿಟ್ಟರೆ ಅರ್ಧ ಮಂಜು ಅಲ್ಲಿಯೇ ಚದುರುತ್ತದೆ.

ಓಣಂ ರಜೆಗೆ ಮೊದಲು, ಸೆಪ್ಟೆಂಬರ್‌ನ ಮೊದಲ ವಾರ, ಮಕ್ಕಳು ಪೂಕಳಂ ಹಾಕುವ ದಿನ ಒಮ್ಮೆ ಬರಬೇಕೆಂದು ಸಹೋದ್ಯೋಗಿಗಳು ಹೇಳಿಕಳುಹಿಸಿದರು. ರಜೆಯಲ್ಲಿದ್ದರೂ ಹೋದೆವು. ನಾಲ್ಕನೆಯ ತರಗತಿಯ ಮಕ್ಕಳು ಕಥೆ ಹೇಳಿರೆಂದು ಪೀಡಿಸಿದರು. ನೂರು ಸಲ ಹೇಳಿದ ಕಥೆ, ಬಲಿ ಚಕ್ರವರ್ತಿಯದು. ಮೂರನೆಯ ಹೆಜ್ಜೆಗೆ ಬರುವಷ್ಟರಲ್ಲಿ ದಾರ ತುಂಡಾಯಿತು. ಎರಡು ಹೆಜ್ಜೆಗಳನ್ನು ಯಾರು ಇಟ್ಟರು, ಎಲ್ಲಿಟ್ಟರು, ಮುಂದೇನು, ಒಂದೂ ಇಲ್ಲ. ಬಾಯಿ ತೆರೆದುಕೊಂಡು ನಿಂತೆವು. ಮಕ್ಕಳು ನಗಲಿಲ್ಲ. ಅದು ನಗುವುದಕ್ಕಿಂತ ಕಷ್ಟವಾಗಿತ್ತು. ಆಗ ಗೋಡೆಯ ಬದಿಯ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲಗೆ, "ವಾಮನ, ಸರ್" ಎಂದ. ಸ್ವಲ್ಪ ತಡೆದು, "ನಿಧಾನ ಹೇಳಿ ಸರ್" ಎಂದ.

ಆ ಹುಡುಗನನ್ನು ನಾವು ಬಲ್ಲೆವು. ಏಳರ ಮಗ್ಗಿಯಲ್ಲಿ ಏಳೈದಕ್ಕೆ ಬಂದು ನಿಲ್ಲುವವನು. ಹಿಂದಿನ ವರ್ಷ ಎರಡು ಸಲ ಅವನನ್ನು ನಿಲ್ಲಿಸಿ, "ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಎಲ್ಲರೆದುರು ಗದರಿದ್ದೆವು. ಬೆತ್ತ ಮುಟ್ಟದಿದ್ದರೂ ನಾಲಿಗೆ ಮುಟ್ಟಿತ್ತು. ಮಾಯಿಪ್ಪಾಡಿಯಲ್ಲಿ ಅವಧಾನ ಮತ್ತು ಸ್ಮೃತಿ ಎಂಬ ಪಾಠವನ್ನು ಓದಿದವರು ನಾವು. ಗಮನ ನಿಲ್ಲದಲ್ಲಿ ನೆನಪು ಕೂರುವುದಿಲ್ಲ, ಗದರಿಸಿದರೆ ಇದ್ದ ಗಮನವೂ ಓಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವರು. ಅದು ಉತ್ತರಪತ್ರಿಕೆಯಲ್ಲಿಯೇ ಉಳಿದಿತ್ತು. ತಲೆಯೊಳಗೆ ಉತ್ತರವಿದ್ದೂ ನಾಲಿಗೆಗೆ ಬಾರದಿರುವುದು, ಎದುರಿಗೆ ಕಾದಿರುವ ಮುಖಗಳು, ಅವು ಕಾದಷ್ಟೂ ದೂರ ಸರಿಯುವ ಉತ್ತರ, ಇದೇನೆಂದು ಆ ದಿನ ನಮಗೆ ಮೈಮುಟ್ಟಿ ತಿಳಿಯಿತು. ಅವನು ನಮಗೆ ಕೊಟ್ಟ ಸಮಯವನ್ನು ನಾವು ಅವನಿಗೆ ಒಂದು ದಿನವೂ ಕೊಟ್ಟಿರಲಿಲ್ಲ.

ಐದನೆಯ ಸುತ್ತಿಗೆ ಹೋದಾಗ ರಕ್ತದ ಬಿಳಿಕಣಗಳು ಸಾಲದೆಂದು ಒಂದು ವಾರ ಮುಂದೂಡಿದರು. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುವಾಗ ಮನಸ್ಸು ಕುಂದಿದ್ದು ನಿಜ; ಆದರೆ ಹೀಗಾಗುವುದು ಸಾಮಾನ್ಯವೆಂದು ದಾದಿ ತುಳುವಿನಲ್ಲಿ ಹೇಳಿದ ಎರಡು ಮಾತು ಊರು ತಲುಪುವವರೆಗೂ ಬೆಚ್ಚಗಿತ್ತು. ಅಕ್ಟೋಬರ್ ೯ರ ರಾತ್ರಿ ಅನಂತಪುರದ ಸರೋವರದ ಬಬಿಯಾ ಮೊಸಳೆ ತೀರಿಹೋಯಿತು. ದೇವಾಲಯದ ನೈವೇದ್ಯದ ಅನ್ನವನ್ನುಂಡು, ಯಾರಿಗೂ ಕೇಡು ಮಾಡದೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿತೆಂದು ಜನರ ನಂಬಿಕೆ. ಏಳನೆಯ ಪಯಣದಲ್ಲಿ ನಾಯ್ಕಾಪು ದಾಟುವಾಗ ಬಸ್ಸಿನಲ್ಲಿ ಎಲ್ಲರ ಬಾಯಲ್ಲಿಯೂ ಅದೇ ಮಾತು. ನಮಗೆ ದುಃಖವಾಗಲಿಲ್ಲ, ದುಃಖವೂ ಆಗುತ್ತಿಲ್ಲವಲ್ಲ ಎಂದು ಹೆದರಿಕೆಯಾಯಿತು. ಯಾವುದರಲ್ಲಿಯೂ ರುಚಿಯಿಲ್ಲದ ಆ ಸ್ಥಿತಿಯನ್ನೂ ವೈದ್ಯೆಗೆ ಹೇಳಿದೆವು. ಆಯಾಸ ಬೇರೆ, ಮನಸ್ಸು ಕುಸಿಯುವುದು ಬೇರೆ. ಎರಡೂ ಒಂದರ ಬೆನ್ನಿಗೊಂದು ಬರುತ್ತವಾದರೂ ಎರಡನೆಯದಕ್ಕೆ ಬೇರೆ ಚಿಕಿತ್ಸೆಯಿದೆಯೆಂದು ಅವರು ಒಬ್ಬ ಆಪ್ತಸಲಹೆಗಾರರ ಬಳಿ ಕಳುಹಿಸಿದರು. ಮೂರು ಸಲ ಹೋದೆವು. ಅದರಿಂದ ಉಪಕಾರವಾಯಿತೆಂದು ಇಲ್ಲಿ ನಾಚಿಕೆಯಿಲ್ಲದೆ ಬರೆಯುತ್ತೇವೆ.

ಎಂಟನೆಯ ಪಯಣ ನವೆಂಬರ್ ನಡುವಿನಲ್ಲಿ. ಮಳೆ ನಿಂತು ನೇತ್ರಾವತಿ ತಿಳಿಯಾಗಿದ್ದಳು. ಚಿಕಿತ್ಸೆ ಮುಗಿದ ಮರುದಿನವೇ ಮೊದಲಿನಂತಾಗುವೆವೆಂದು ತಿಳಿದಿದ್ದರೆ ಅದು ತಪ್ಪು. ಬಂಧುಗಳು ಹಾಗೆಯೇ ತಿಳಿದಿದ್ದರು. ಆಯಾಸ ಫೆಬ್ರವರಿಯವರೆಗೂ ನೆಂಟನಂತೆ ಕುಳಿತಿತ್ತು. ಕಾಲ್ಬೆರಳುಗಳ ಜೋಮು ಇಂದಿಗೂ ಅಷ್ಟಿಷ್ಟು ಉಂಟು. ೨೦೨೩ರ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಾವೂ ಹೋದೆವು, ಮೊದಲ ತಿಂಗಳು ಮಧ್ಯಾಹ್ನದ ಪಾಠಗಳನ್ನು ಸಹೋದ್ಯೋಗಿಗಳು ವಹಿಸಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಅನಂತಪುರದ ಸರೋವರದಲ್ಲಿ ಹೊಸ ಮೊಸಳೆಯೊಂದು ಕಾಣಿಸಿಕೊಂಡ ಸುದ್ದಿ ಬಂದಾಗ ಮಕ್ಕಳೊಡನೆ ನಾವೂ ಹಿಗ್ಗಿದೆವು. ಅಷ್ಟರಮಟ್ಟಿಗೆ ರುಚಿ ಮರಳಿತ್ತು.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಯಾರಾದರೂ ಈ ಚಿಕಿತ್ಸೆಯಲ್ಲಿದ್ದರೆ ಅವರ ಬಳಿ ಹೋಗಿ ಧೈರ್ಯದ ಉಪದೇಶ ಮಾಡಬೇಡಿರಿ. ಅವರ ಹಗುರವಾದ ಹೊತ್ತು ಯಾವುದೆಂದು ಕೇಳಿ ಆ ಹೊತ್ತಿಗೆ ಹೋಗಿರಿ. ಕಾಲು ಗಂಟೆಯಲ್ಲಿ ಎದ್ದುಬನ್ನಿರಿ. ಹೋಗುವಾಗ ಒಂದು ಹೊತ್ತಿನ ಗಂಜಿ ಚಟ್ನಿ ಒಯ್ಯಿರಿ, ಅಥವಾ ಜಗಲಿಯಲ್ಲಿ ಅವರೊಡನೆ ನಾಲ್ಕು ಹೆಜ್ಜೆ ಹಾಕಿರಿ. ಅವರು ಮಾತು ಮರೆತು ತಡವರಿಸಿದರೆ ಅವಸರದಿಂದ ತುಂಬಿಕೊಡದೆ ಸ್ವಲ್ಪ ಕಾಯಿರಿ. ಚಿಕಿತ್ಸೆಯಲ್ಲಿರುವವರು ತಮ್ಮ ಆಯಾಸವನ್ನೂ ಮರೆವನ್ನೂ ನುಂಗಿಕೊಳ್ಳದೆ ವೈದ್ಯರಿಗೆ ಹೇಳಿರಿ.

ಆ ಹುಡುಗ ಈಗ ನಮ್ಮ ಶಾಲೆಯಲ್ಲಿಲ್ಲ, ಮೇಲಿನ ತರಗತಿಗೆ ಬೇರೆ ಶಾಲೆಗೆ ಹೋಗಿದ್ದಾನೆ. ಹೋಗುವ ಮೊದಲು ಒಂದು ದಿನ ಅವನನ್ನು ಕರೆದು ಹಿಂದೆ ಗದರಿದ್ದು ತಪ್ಪಾಯಿತೆಂದು ಹೇಳಿದೆವು. ಅವನಿಗೆ ಆ ಗದರಿಕೆ ನೆನಪಿತ್ತು. ಅದನ್ನು ಅವನು ಮರೆತಿರಲಿಲ್ಲ. ಈಗ ನಮ್ಮ ತರಗತಿಯಲ್ಲಿ ಮಗು ಮಗ್ಗಿಯ ನಡುವೆ ನಿಂತರೆ ನಾವು ಮನಸ್ಸಿನಲ್ಲಿ ಕುಂಬಳೆಯ ದಾರಿಯನ್ನು ಹೇಳಿಕೊಳ್ಳುತ್ತೇವೆ: ನೀರ್ಚಾಲು, ಬೇಳ, ಸೀತಾಂಗೋಳಿ, ನಾಯ್ಕಾಪು, ಕುಂಬಳೆ. ಕುಂಬಳೆ ತಲುಪುವವರೆಗೆ ಬಾಯಿ ತೆರೆಯುವುದಿಲ್ಲ. ಹೆಚ್ಚಿನ ಮಕ್ಕಳು ಅಷ್ಟರೊಳಗೆ ಉತ್ತರ ಹೇಳಿಬಿಡುತ್ತಾರೆ.